ಚೌಕಟ್ಟಿನ ಅಂಚಿನ ಬಣ್ಣ

ಮಾರ್ಚ್ ೪, ಮಂಗಳವಾರ

ನೀಲಿ ಮುಸುಕಿನ ತಾಯಿಗೆ ಇವತ್ತು ಮೂಗು ಬಂತು. ಇದು ನಾನು ಬರೆಯುತ್ತಿರುವ ಅವಳ ನಲವತ್ತೊಂದನೆಯ ನಕಲು. ಕಣ್ಣು ಮುಚ್ಚಿಕೊಂಡೂ ಬರೆಯಬಲ್ಲೆ ಎಂದು ಜಂಬ ಕೊಚ್ಚುವುದು ಬೇಡ, ಆದರೆ ಬರೆಯಬಲ್ಲೆ. ಐನೂರು ವರ್ಷಗಳ ಹಿಂದೆ, ಪುನರುಜ್ಜೀವನ ಕಾಲದಲ್ಲಿ, ಇಟಲಿಯ ಯಾವನೋ ಪುಣ್ಯಾತ್ಮ ಅವಳ ತೊಡೆಯ ಮೇಲೊಂದು ಮಗುವನ್ನು ಕೂರಿಸಿ ಮರದ ಹಲಗೆಯ ಮೇಲೆ ಬರೆದ. ಅವನ ಹೆಸರು ಯಾರಿಗೂ ಗೊತ್ತಿಲ್ಲ. ನನ್ನ ಹೆಸರೂ ಯಾರಿಗೂ ಗೊತ್ತಾಗುವುದಿಲ್ಲ. ಆ ವಿಷಯದಲ್ಲಿ ನಾವಿಬ್ಬರೂ ಸಮ. ಈ ನಕಲು ಒಂದು ಹೊಸ ಹೋಟೆಲಿನ ಮುಂಗೋಣೆಗೆ ಹೋಗುತ್ತದೆ. ಜನ ಅವಳಿಗೆ ಬೆನ್ನು ಹಾಕಿ ನಿಂತು ರೂಮಿನ ಕೀಲಿಕೈಗೆ ಕಾಯುತ್ತಾರೆ.

ಕಾವಲುಗಾರ ಟೇಪು ಬಂದು ಕ್ಯಾನ್ವಾಸ್ ಅಳೆದ. ಜೇಬಿನಲ್ಲಿ ಸದಾ ಅಳತೆಯ ಟೇಪು ಇಟ್ಟುಕೊಂಡಿರುವುದರಿಂದ ಅವನಿಗೆ ಆ ಹೆಸರು. ನಕಲು ಮೂಲಕ್ಕಿಂತ ಒಂದು ಗೇಣು ಚಿಕ್ಕದಿರಬೇಕು, ಇಲ್ಲ ಒಂದು ಗೇಣು ದೊಡ್ಡದಿರಬೇಕು, ಹಿಂಬದಿಗೆ ‘ನಕಲು’ ಎಂಬ ಮುದ್ರೆ ಬೀಳಬೇಕು ಎಂಬುದು ಮ್ಯೂಸಿಯಮ್ಮಿನ ನಿಯಮ. ಇಪ್ಪತ್ತೆಂಟು ವರ್ಷದಿಂದ ಅಳೆಯುತ್ತಿದ್ದಾನೆ. ಒಂದು ದಿನವೂ ನನ್ನನ್ನು ನಂಬಿಲ್ಲ.

ಅಕ್ಕ ಯಾಕೆ ಬರ್ತಿಲ್ಲ ಎಂದು ಇವತ್ತೂ ಕೇಳಿದ. ಅಕ್ಕ ಎಂದರೆ ನನ್ನ ಹೆಂಡತಿ. ಮಧ್ಯಾಹ್ನದ ಡಬ್ಬಿಯನ್ನು ಇವಳು ತಂದು ಅವನ ಕೈಗೆ ಕೊಟ್ಟು ಹೋಗುವುದು ವಾಡಿಕೆ. ಮೂರು ವಾರದಿಂದ ಅದೂ ಇಲ್ಲ. ಮೈಯೆಲ್ಲ ಕಡಿತವಂತೆ, ಸುಸ್ತಂತೆ. ಕ್ಯಾಂಟೀನಿನ ಬನ್ನು ತಿಂದು ತಿಂದು ನನ್ನ ಹೊಟ್ಟೆ ಕಲ್ಲಾಗಿದೆ.

ಇನ್ನೊಂದು ಕಿರಿಕಿರಿ. ಮೂಲ ಚಿತ್ರವನ್ನು ಶುಚಿ ಮಾಡುವುದಕ್ಕೆ ಗೋಡೆಯಿಂದ ಇಳಿಸುತ್ತಾರಂತೆ. ಮುಂದಿನ ವಾರದೊಳಗೆ ಕೆನ್ನೆ ಮುಗಿಸಬೇಕು. ಆ ಕೆನ್ನೆಯ ಜೇನುಬಣ್ಣ ನನ್ನಷ್ಟು ಸರಿಯಾಗಿ ಇನ್ನೊಬ್ಬ ತರಲಾರ. ಇದು ಜಂಬವಲ್ಲ.

ಮಾರ್ಚ್ ೮, ಶನಿವಾರ

ಮಗಳು ಎರಡು ತಿಂಗಳ ಮೇಲೆ ಬಂದಳು. ಬಾಗಿಲು ತೆರೆದ ಇವಳನ್ನು ನೋಡಿ ಚಪ್ಪಲಿ ಬಿಡುವುದನ್ನೂ ಮರೆತು ನಿಂತಳು. ಅಮ್ಮನ ಕಣ್ಣು ಯಾಕೆ ಇಷ್ಟು ಹಳದಿ ಎಂದು ಕೇಳಿದಳು. ಇವಳು ಏನೂ ಇಲ್ಲವೆಂದಳು. ನಾನು ಮನೆಯ ಬಲ್ಬೇ ಹಳದಿ ಎಂದೆ. ಮಗಳು ಅಮ್ಮನನ್ನು ಕೈಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋದಳು. ಹಗಲು ಹನ್ನೊಂದು ಗಂಟೆ, ಬೆಳಕು ಚೆನ್ನಾಗಿತ್ತು.

“ಅಪ್ಪ, ದಿನಾ ಎದುರಿಗೆ ಕೂತು ಊಟ ಮಾಡ್ತೀಯ. ನಿನಗೆ ಕಾಣಿಸಲಿಲ್ವಾ?”

ಮಗಳು ಅಮ್ಮನಿಗೆ ನೀರು ತರಲು ಹೋದಾಗ ನಾನೂ ಕಿಟಕಿಯ ಹತ್ತಿರ ಹೋಗಿ ನೋಡಿದೆ. ಹೌದು. ಕಣ್ಣಿನ ಬಿಳಿ, ಹಣೆ, ಕತ್ತು ಎಲ್ಲ ಹಳದಿ. ಹಳೆಯ ವಾರ್ನಿಷ್ ಬಳಿದ ಹಾಗಿದ್ದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನನಗೆ ಕಾಮಾಲೆಯಿಲ್ಲ, ಆದರೂ ದಿನಾ ಚಿತ್ರದಲ್ಲಿ ನೋಡಿ ನೋಡಿ ಆ ಬಣ್ಣ ನನ್ನ ಕಣ್ಣಿಗೆ ಅಷ್ಟು ರೂಢಿಯಾಗಿಬಿಟ್ಟಿದೆ. ಅದಕ್ಕೇ ಚುಚ್ಚಲಿಲ್ಲ.

ಮಾರ್ಚ್ ೧೩, ಗುರುವಾರ

ಡಾಕ್ಟರು ಚಿಕ್ಕ ವಯಸ್ಸಿನವರು. ಕಾಗದದ ಮೇಲೆ ಪಿತ್ತಕೋಶ, ನಾಳ, ನಾಳಕ್ಕೆ ಅಡ್ಡ ಕೂತ ಗಡ್ಡೆ ಎಲ್ಲವನ್ನೂ ಬರೆದು ತೋರಿಸಿದರು. ಕೆಟ್ಟ ಚಿತ್ರ, ಆದರೆ ಅರ್ಥವಾಯಿತು. ಮೊದಲು ಹಳದಿ ಕಾಣಿಸಿದ್ದು ಯಾವಾಗ ಎಂದು ಕೇಳಿದರು. ಮಗಳು ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಆಗಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತೇನೋ ಎಂದರು. ಇನ್ನು ತಿಂಗಳುಗಳ ಲೆಕ್ಕವಿಲ್ಲ, ವಾರಗಳದ್ದು ಎಂದರು. ಇವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ನಾನು ಬಂದ ಕೂಡಲೇ, ಕೆನ್ನೆ ಮುಗೀತಾ ಎಂದು ಕೇಳಿದಳು. ಚಿತ್ರದ ಕೆನ್ನೆಯ ಮಾತು.

ಮಾರ್ಚ್ ೧೮, ಮಂಗಳವಾರ

ಇವತ್ತಿನ ಅವಮಾನ ಬರೆದಿಡಬೇಕು.

ಚಿತ್ರವನ್ನು ಇಳಿಸಿ, ಚೌಕಟ್ಟು ಬಿಚ್ಚಿ, ಒಳಗಿನ ಕೋಣೆಯ ಮೇಜಿನ ಮೇಲೆ ಮಲಗಿಸಿದ್ದಾರೆ. ಶುಚಿ ಮಾಡುವ ಹುಡುಗಿ ನನ್ನನ್ನು ಕರೆದಳು. ಹತ್ತಿಯ ತುಂಡನ್ನು ಯಾವುದೋ ದ್ರಾವಣದಲ್ಲಿ ಅದ್ದಿ ಮುಸುಕಿನ ಒಂದು ಮೂಲೆಯಲ್ಲಿ ಅಂಚೆಚೀಟಿಯಷ್ಟು ಜಾಗ ಒರೆಸಿದ್ದಳು. ಅಲ್ಲಿ ನೀಲಿ ಇತ್ತು. ನಾನು ಬರೆಯುವ ಮಂಕು ನೀಲಿಯಲ್ಲ, ಎದೆ ಧಸಕ್ಕೆನ್ನುವಂಥ ನೀಲಿ. ಅದು ನಿಜವೆಂದು ತನಗೆ ಹೇಗೆ ಗೊತ್ತಾಯಿತೆಂದೂ ತೋರಿಸಿದಳು. ಚೌಕಟ್ಟಿನ ಅಂಚು ಮುಚ್ಚಿಕೊಂಡಿದ್ದ ಬೆರಳಗಲದ ಜಾಗ ಇಷ್ಟು ವರ್ಷ ಬೆಳಕನ್ನೂ ಹೊಗೆಯನ್ನೂ ಕಾಣದೆ ಹಾಗೇ ಉಳಿದಿತ್ತು. ಅಲ್ಲೂ ಅದೇ ನೀಲಿ. ಮೊದಲಿನ ಬಣ್ಣ ಬೇಕಾದರೆ ಚೌಕಟ್ಟಿನ ಕೆಳಗೆ ನೋಡಬೇಕಂತೆ.

ಹಾಗಾದರೆ ಜೇನುಬಣ್ಣ? ವಾರ್ನಿಷ್ ಹಳತಾದದ್ದು, ಮೇಣದಬತ್ತಿಯ ಮಸಿ, ಧೂಳು. ನನ್ನ ನಕಲನ್ನು ತರಿಸಿ ಪಕ್ಕದಲ್ಲಿಟ್ಟು ನೋಡಿದಳು. “ಕೊಳೆಯನ್ನೂ ಎಷ್ಟು ಚೆನ್ನಾಗಿ ಬರೆದಿದ್ದೀರಿ ಸಾರ್” ಎಂದಳು. ಹೊಗಳಿಕೆಯೆಂದೇ ಹೇಳಿದಳು, ಪಾಪ.

ಹೋಟೆಲಿನವರ ಕೆಲಸ ಅರ್ಧಕ್ಕೆ ನಿಂತಿತು. ಮನೆಗೆ ಬಂದು ಇವಳಿಗೆ ಎಲ್ಲ ಹೇಳಿದೆ. ಯಾರಿಗಾದರೂ ಹೇಳಬೇಕಿತ್ತು. ಕಣ್ಣು ಮುಚ್ಚಿಕೊಂಡೇ ಕೇಳಿದಳು. ನಲವತ್ತೊಂದು ಸಲ, ಎಂದು ಕೊನೆಗೆ ಹೇಳಿ ನನ್ನ ಕೈ ಅದುಮಿದಳು. ಅವಳ ಕೈ ಬಿಸಿಯಾಗಿತ್ತು.

ಮಾರ್ಚ್ ೨೨, ಶನಿವಾರ

ಮನೆಯಲ್ಲಿ ಕೂತು ಕೂತು ಸಾಕಾಗಿದೆ. ಕುಂಚಗಳನ್ನು ಎರಡು ಸಲ ತೊಳೆದೆ. ಮಗಳು ರಜೆ ಹಾಕಿ ಇಲ್ಲೇ ಇದ್ದಾಳೆ. ಅಡುಗೆಮನೆ ಅವಳ ಕೈಗೆ ಹೋಗಿದೆ, ಉಪ್ಪಿನ ಡಬ್ಬಿ ಎಲ್ಲಿದೆಯೆಂದು ನನಗೆ ಹೇಳಲು ಬಾರದ್ದಕ್ಕೆ ಬೈಸಿಕೊಂಡೆ.

ಮಧ್ಯಾಹ್ನ ಇವಳು ದಿಂಬಿಗೆ ಒರಗಿ ಕೂತಿದ್ದವಳು ಇದ್ದಕ್ಕಿದ್ದಂತೆ, “ರೀ, ನನ್ನನ್ನೇ ಬರೀರಿ” ಎಂದಳು.

ಜೀವ ಇರುವವರನ್ನು ನಾನು ಬರೆಯುವುದಿಲ್ಲ. ಜೀವ ಇರುವ ಮುಖ ಅಲುಗಾಡುತ್ತದೆ, ಮಾತಾಡುತ್ತದೆ, ಬೆಳಿಗ್ಗೆ ಒಂದು ಥರ ಇದ್ದರೆ ಸಂಜೆಗೆ ಇನ್ನೊಂದು ಥರ. ಬರೆದ ಮೇಲೆ ಸರಿಯಿದೆಯೋ ತಪ್ಪಿದೆಯೋ ಎಂದು ಹೋಲಿಸುವುದಕ್ಕೆ ಗೋಡೆಯ ಮೇಲೆ ಮೂಲ ತೂಗುಹಾಕಿರುವುದಿಲ್ಲ. ಇದನ್ನೆಲ್ಲ ಹೇಳಿದೆ. ಇವಳು ಪೂರ್ತಿ ಕೇಳಿಸಿಕೊಂಡಳು.

“ನಾನು ಅಲುಗಾಡೋದಿಲ್ಲ. ಅಷ್ಟು ಶಕ್ತಿ ಎಲ್ಲಿದೆ? ಆದ್ರೆ ಈ ಹಳದಿ ಮಾತ್ರ ಹಾಕಬೇಡಿ. ನಿಮ್ಮ ಆ ಚಿತ್ರದ ಕೊಳೆ ಇದ್ದ ಹಾಗೆ ಇದು. ನಾನಲ್ಲ.”

ಆಗಲಿ ಎಂದೆ. ಯಾಕೆ ಹಾಗೆಂದೆನೋ.

ಮಾರ್ಚ್ ೨೩, ಭಾನುವಾರ

ಹಳೆಯ ಕಿಟಕಿಯ ಚೌಕಟ್ಟಿಗೆ ದಾರ ಕಟ್ಟಿ ಚೌಕುಳಿ ಮಾಡಿ ಇವಳ ಮುಂದೆ ನಿಲ್ಲಿಸಿದೆ. ಚೌಕಕ್ಕೆ ಚೌಕ ನೋಡಿ ಗೆರೆ ಎಳೆಯುವುದು ನನ್ನ ಅಭ್ಯಾಸ. ದಾರದ ಆಚೆಯಿಂದ ಇವಳು, ಜೈಲಿಗೆ ಹಾಕಿದ್ರಲ್ಲ ಎಂದಳು.

ಎಡಹುಬ್ಬು ಬಲಹುಬ್ಬಿಗಿಂತ ಮೇಲಿದೆ. ಗಲ್ಲದ ಕೆಳಗೆ ಒಂದು ಗಾಯದ ಗುರುತು. ಯಾವಾಗ ಆದದ್ದು ಎಂದು ಕೇಳಿದೆ. ಮದುವೆಗೆ ಮುಂಚಿನದಂತೆ. ಮೂವತ್ತಾರು ವರ್ಷದಿಂದ ಅಲ್ಲೇ ಇದೆಯಂತೆ.

ಮಾರ್ಚ್ ೨೯, ಶನಿವಾರ

ಹಸಿರು ಪದರ ಮುಗಿಯಿತು.

ಹಳೆಯವರು ಮುಖ ಬರೆಯುವಾಗ ಮೊದಲು ಹಸಿರು ಮಣ್ಣಿನ ಬಣ್ಣದಲ್ಲಿ ನೆರಳು, ಬೆಳಕು, ಎಲುಬಿನ ಏರಿಳಿತ ಎಲ್ಲ ಬರೆದು ಒಣಗಲು ಬಿಡುತ್ತಿದ್ದರು. ಅದರ ಮೇಲೆ ತೆಳ್ಳಗೆ ಮೈಬಣ್ಣ ಎಳೆದರೆ ಕೆಳಗಿನ ಹಸಿರಿಂದ ಮುಖಕ್ಕೆ ಉಸಿರು ಬರುತ್ತದೆ. ನನಗೆ ಗೊತ್ತಿರುವುದು ಇದೊಂದೇ ದಾರಿ. ಆರು ದಿನ, ದಿನಕ್ಕೆ ಒಂದು ಗಂಟೆ ಕೂತಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಮಾತಾಡದಿದ್ದಾಗ ಕೆಳತುಟಿಯನ್ನು ಒಳಗೆಳೆದುಕೊಳ್ಳುತ್ತಾಳೆ. ನೋವು ಬಂದಾಗ ಎಡಗಣ್ಣು ಮಾತ್ರ ಚಿಕ್ಕದಾಗುತ್ತದೆ. ನೋವು ಬಂತಾ ಎಂದು ಕೇಳುವ ಮೊದಲೇ ನನಗೀಗ ಗೊತ್ತಾಗುತ್ತದೆ. ಚಿತ್ರಕ್ಕೆ ಇದರಿಂದ ಅನುಕೂಲವಾಯಿತು.

ಇವಳಿಗೆ ತೋರಿಸಿದೆ. ತುಂಬ ಹೊತ್ತು ನೋಡಿ, “ಸೌತೆಕಾಯಿ ಹಾಗಿದ್ದೀನಿ” ಎಂದಳು. ಆಮೇಲೆ, “ಪರವಾಗಿಲ್ಲ. ಹಳದಿಗಿಂತ ಇದೇ ವಾಸಿ.”

ಇನ್ನು ಹತ್ತು ದಿನ ಒಣಗಬೇಕು. ಹತ್ತು ದಿನ ಎಂದು ಹೇಳಿದಾಗ ಮಗಳು ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು. ಬೇಗ ಒಣಗುವ ಬಣ್ಣ ಇಲ್ಲವೇ ಎಂದು ಕೇಳಿದಳು. ಇದೆ, ಆದರೆ ನಾನು ಅದನ್ನು ಯಾವತ್ತೂ ಮುಟ್ಟಿಲ್ಲ. ಈಗ ಹೊಳೆಯುತ್ತಿದೆ, ನಾನೆಂಥ ಕತ್ತೆ ಎಂದು.

ಏಪ್ರಿಲ್ ೨, ಬುಧವಾರ

ಇವಳ ಬಣ್ಣ ಯಾವುದು?

ಹಲಗೆಯ ಮೇಲೆ ಬಣ್ಣ ಕಲಸಿಕೊಳ್ಳೋಣವೆಂದು ಬೆಳಿಗ್ಗೆ ಕೂತೆ. ಕೈ ಓಡಲಿಲ್ಲ. ಆಲ್ಬಮ್ ತೆಗೆದೆ. ಮದುವೆಯ ಫೋಟೋಗಳೆಲ್ಲ ಕಪ್ಪು ಬಿಳುಪು. ಆಮೇಲಿನ ಕಲರ್ ಫೋಟೋಗಳು ಬಿಸಿಲಿಗೆ ಕೆಂಪಾಗಿ ಹೋಗಿವೆ, ಅದರಲ್ಲಿ ಎಮ್ಮೆಯೂ ಕೆಂಪು, ಆಕಾಶವೂ ಕೆಂಪು. ಈಚಿನವು ಮಗಳ ಮೊಬೈಲಿನಲ್ಲಿವೆ. ಒಂದರಲ್ಲಿ ಒಂದು ಬಣ್ಣ, ಇನ್ನೊಂದರಲ್ಲಿ ಇನ್ನೊಂದು. ಯಾವುದು ಸರಿ ಎಂದು ಮಗಳನ್ನು ಕೇಳಿದೆ. ಅಮ್ಮನ ಬಣ್ಣ ಅಂದ್ರೆ ಅಮ್ಮನ ಬಣ್ಣ ಎಂದು ಸಿಡುಕಿದಳು.

ಇವಳ ತಂಗಿಗೆ ಫೋನ್ ಮಾಡಿದೆ. ಎಣ್ಣೆಗೆಂಪು ಎಂದಳು. ನನ್ನ ಅಮ್ಮ ಗೋಧಿಬಣ್ಣ ಎನ್ನುತ್ತಿದ್ದಳು. ಎರಡೂ ಒಂದೇ ಅಲ್ಲವಲ್ಲ ಎಂದು ನಾದಿನಿಯನ್ನೇ ಕೇಳಿದೆ.

“ಇಷ್ಟು ವರ್ಷ ಏನು ನೋಡ್ತಾ ಇದ್ರಿ ಭಾವ?”

ದೀಪದ ಬುಡದಲ್ಲಿ ಕತ್ತಲೆ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಅವಳ ದೊಡ್ಡ ಗುಣ. ಐನೂರು ವರ್ಷದ ಹಿಂದೆ ಸತ್ತವಳ ಕೆನ್ನೆಯಲ್ಲಿ ಎಷ್ಟು ಸೀಸದ ಬಿಳಿ, ಎಷ್ಟು ಕೆಂಪು ಮಣ್ಣು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ನನಗೆ ನಾಚಿಕೆಯಾಗುತ್ತಿದೆ.

ಏಪ್ರಿಲ್ ೪, ಶುಕ್ರವಾರ

ಚಿತ್ರ ಶುಚಿ ಮಾಡುವ ಆ ಹುಡುಗಿ ಹೇಳಿದ್ದು ತಲೆಯಲ್ಲಿ ಕೊರೆಯುತ್ತಿತ್ತು. ಇವಳು ಮಲಗಿದ್ದಳು. ಮದುವೆಯ ಉಂಗುರವನ್ನು ಮೆಲ್ಲಗೆ ಜಾರಿಸಿದೆ. ಮೊದಲಾದರೆ ಸೋಪು ಹಚ್ಚಬೇಕಿತ್ತು, ಈಗ ತಾನೇ ಜಾರುತ್ತದೆ. ಕಿಟಕಿಯ ಪರದೆ ಸರಿಸಿ, ಕನ್ನಡಕ ಹಾಕಿಕೊಂಡು, ಬೆರಳನ್ನು ಬೆಳಕಿಗೆ ಹಿಡಿದೆ.

“ಏನ್ರೀ, ಈಗಲೇ ಬಿಚ್ಚಿಕೊಳ್ತಿದ್ದೀರಾ?”

ಎಚ್ಚರವಾಗಿಯೇ ಇದ್ದಳು. ನಾನು ತೊದಲುತ್ತ ಚೌಕಟ್ಟಿನ ಅಂಚಿನ ವಿಷಯ ಹೇಳಿದೆ. ಉಂಗುರದ ಕೆಳಗೆ ಇಷ್ಟು ವರ್ಷ ಬೆಳಕು ಬಿದ್ದಿಲ್ಲ, ಅಲ್ಲೇನಾದರೂ ಮೊದಲಿನ ಬಣ್ಣ ಉಳಿದಿದ್ದರೆ ಎಂದು. ಇವಳಿಗೆ ನಗು ಬಂತು. ಕೆಮ್ಮು ಬರುವಷ್ಟು ನಕ್ಕಳು. ಈಚೆಗೆ ಇಷ್ಟು ನಕ್ಕಿರಲಿಲ್ಲ.

“ಅಲ್ಲೂ ಹಳದಿನಾ?”

ಹೂಂ ಎಂದೆ. ಹಳದಿ ಹೊರಗಿಂದ ಬಂದದ್ದಲ್ಲವಲ್ಲ. ಬೆರಳ ಸುತ್ತ ಒಂದು ತಗ್ಗು, ಅದೂ ಹಳದಿ, ಸ್ವಲ್ಪ ತಿಳಿಯಾದದ್ದು ಅಷ್ಟೇ.

“ಹಾಕಿಬಿಡಿ ಮತ್ತೆ. ಬೆರಳಿಗೆ ಚಳಿಯಾಗುತ್ತೆ.”

ಹಾಕಿದೆ. ಜಾರದಿರಲೆಂದು ಅದರೊಳಗೆ ದಾರ ಸುತ್ತಿದೆ. ಅಷ್ಟು ಹೊತ್ತೂ ಕೈ ಹಿಡಿದುಕೊಂಡೇ ಇದ್ದೆ, ಆಮೇಲೂ. ಇವತ್ತು ಚಿತ್ರದ ಕೆಲಸ ಏನೂ ಆಗಲಿಲ್ಲ.

ಏಪ್ರಿಲ್ ೭, ಸೋಮವಾರ

ಹಸಿರು ಒಣಗಿದೆ. ಬೆರಳಿಟ್ಟರೆ ಅಂಟುವುದಿಲ್ಲ. ಇವಳು ನಿನ್ನೆಯಿಂದ ಕಣ್ಣು ತೆರೆದಿಲ್ಲ. ಮಗಳು ಹತ್ತಿಯಲ್ಲಿ ತುಟಿ ಒದ್ದೆ ಮಾಡುತ್ತಾಳೆ. ನಾನು ನೋಡುತ್ತೇನೆ.

ಏಪ್ರಿಲ್ ೯, ಬುಧವಾರ

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ.

ಏಪ್ರಿಲ್ ೨೦, ಭಾನುವಾರ

ನಾಲ್ಕು ದಿನ ಮೈಬಣ್ಣ ಹಾಕಿದೆ. ಕೈ ಚೆನ್ನಾಗಿ ಓಡಿತು. ಅನುಮಾನವೇ ಬರಲಿಲ್ಲ, ಎಲ್ಲ ತಾನೇ ತಾನಾಗಿ ಬಂತು. ಇವತ್ತು ಮುಗಿಸಿ ಮಗಳನ್ನು ಕರೆದೆ. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

ಚೆನ್ನಾಗಿದೆ ಅಪ್ಪ, ಎಂದಳು. ನಾನು ಅಷ್ಟಕ್ಕೇ ಬಿಡಬೇಕಿತ್ತು. ಆದರೆ ಏನು ಎಂದೆ.

“ಇದು ಅಮ್ಮ ಅಲ್ಲ. ನಿನ್ನ ಮ್ಯೂಸಿಯಮ್ಮಿನವಳು.”

ಬೈಗುಳವಾಗಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಮೆತ್ತಗೆ ಹೇಳಿದಳು. ಅವಳು ಹೋದ ಮೇಲೆ ನೋಡಿದೆ. ನಿಜ. ಹುಬ್ಬು, ತುಟಿ, ಗಾಯದ ಗುರುತು ಎಲ್ಲ ಇವಳದ್ದೇ, ಮೇಲೆ ಮಾತ್ರ ಆ ಕೆನ್ನೆ. ಅದೂ ಶುಚಿಯಾಗುವ ಮೊದಲಿನ ಕೆನ್ನೆ. ಜೇನುಬಣ್ಣ. ಯಾವ ಹಳದಿ ಬೇಡವೆಂದು ಕೇಳಿಕೊಂಡಿದ್ದಳೋ ಅದನ್ನೇ ನನ್ನ ಕೈ ನನ್ನನ್ನು ಕೇಳದೆಯೇ ಬಳಿದಿತ್ತು.

ಬಟ್ಟೆಗೆ ಟರ್ಪೆಂಟೈನ್ ಹಾಕಿ ಒರೆಸಿದೆ. ಮೇಲಿನ ಬಣ್ಣ ಇನ್ನೂ ಹಸಿ ಇದ್ದದ್ದರಿಂದ ಸುಲಭವಾಗಿ ಬಂತು. ಒಣಗಿದ ಹಸಿರು ಅಲ್ಲಾಡಲಿಲ್ಲ. ಒರೆಸುತ್ತ ಅತ್ತೆ. ಒರೆಸಿ ಮುಗಿದಾಗ ಇವಳು ಮೊದಲಿನ ಹಾಗೇ ಹಸಿರಾಗಿ, ಕೆಳತುಟಿ ಒಳಗೆಳೆದುಕೊಂಡು ಕೂತಿದ್ದಳು.

ಏಪ್ರಿಲ್ ೨೮, ಸೋಮವಾರ

ಮ್ಯೂಸಿಯಮ್ಮಿಗೆ ರಜೆ. ಟೇಪು ಮನೆಗೆ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಇವಳು ಕೊನೆಯ ಸಲ ತಂದಿದ್ದ ಡಬ್ಬಿ ಅವನ ಕಪಾಟಿನಲ್ಲೇ ಉಳಿದುಬಿಟ್ಟಿತ್ತಂತೆ. ತೊಳೆದು, ಹೊಳೆಯುವ ಹಾಗೆ ಉಜ್ಜಿ, ಕಾಗದದಲ್ಲಿ ಸುತ್ತಿ ತಂದಿದ್ದ.

ಚಿತ್ರ ನೋಡಿದ. ಅಭ್ಯಾಸ ಬಲ, ಜೇಬಿಗೆ ಕೈ ಹಾಕಿ ಟೇಪು ತೆಗೆದ. ಹಿಂಬದಿಯನ್ನೂ ತಿರುಗಿಸಿ ನೋಡಿದ. ಯಾವುದರ ಜೊತೆ ಅಳೆಯುವುದೆಂದು ಹೊಳೆಯದೆ ಮತ್ತೆ ಜೇಬಿಗೆ ಹಾಕಿಕೊಂಡ. ಬಣ್ಣ ಯಾಕೆ ಹಾಕಿಲ್ಲ ಎಂದು ಕೇಳಿದ. ಗೊತ್ತಿಲ್ಲ, ಅದಕ್ಕೇ ಹಾಕಿಲ್ಲ ಎಂದೆ. ಇವಳ ಬಣ್ಣ ನಿನಗೇನಾದರೂ ನೆನಪಿದೆಯೇ ಎಂದು, ಊರಿನವರನ್ನೆಲ್ಲ ಕೇಳಿದ ಹಾಗೆ, ಅವನನ್ನೂ ಕೇಳಿದೆ.

ಅವನು ತಕ್ಷಣ ಹೇಳಿದ.

“ದಿನಾ ಬಿಸಿಲಲ್ಲಿ ನಡೆದು ಬರ್ತಿದ್ರಲ್ಲ ಮೇಷ್ಟ್ರೇ. ಬಂದಾಗ ಕೆನ್ನೆ ಕೆಂಪಗಿರ್ತಿತ್ತು, ಇಟ್ಟಿಗೆ ಹಾಗೆ. ಇಲ್ಲಿ, ಮೂಗಿನ ಪಕ್ಕ ಬೆವರು. ನೀವು ಕೂತು ಬರೆಯೋ ಆ ಏಳನೇ ಕೋಣೆ ಬಾಗಿಲ ಹತ್ರ ನಿಂತ್ಕೊಳ್ತಿದ್ರು. ನಿಂತು ದಣಿವಾರಿದ ಮೇಲೆ ಕೆಂಪು ಇಳೀತಿತ್ತು. ಇಳಿದ ಮೇಲೆ ಹೋಗ್ತಿದ್ರು.”

ಬಾಗಿಲ ಹತ್ತಿರವೇ ಎಂದು ಕೇಳಿದೆ. ಕೆಳಗೆ ಗೇಟಿನಲ್ಲಿ ಡಬ್ಬಿ ಕೊಟ್ಟು ಹೋಗುತ್ತಾಳೆಂದೇ ನಾನು ತಿಳಿದಿದ್ದೆ.

“ಇಲ್ಲ, ಮೇಲೆ ಬರ್ತಿದ್ರು. ಹತ್ತು ನಿಮಿಷ ನಿಂತು ನೀವು ಬರೆಯೋದು ನೋಡ್ತಿದ್ರು. ಒಳಗೆ ಹೋಗಿ ಅಕ್ಕ ಅಂದ್ರೆ, ಬೇಡಪ್ಪ, ಅವರ ಕೈ ಅಲುಗುತ್ತೆ ಅಂತಿದ್ರು.”

ಟೀ ಕುಡಿದು ಹೋದ. ಅವನ ಕಿವಿಯ ತುದಿ ನಸುಗೆಂಪು, ಕೆನ್ನೆ ಹುರಿದ ಕಾಫಿ ಬೀಜ, ಕತ್ತಿನ ಕೆಳಗೆ ಅದಕ್ಕಿಂತ ತಿಳಿ. ಇಪ್ಪತ್ತೆಂಟು ವರ್ಷದಲ್ಲಿ ಇವತ್ತೇ ನೋಡಿದ್ದು.

ಮೇ ೬, ಮಂಗಳವಾರ

ನೀಲಿ ಮುಸುಕಿನ ತಾಯಿ ಗೋಡೆಗೆ ವಾಪಸು ಬಂದಿದ್ದಾಳಂತೆ. ಹೋಟೆಲಿನವರು ಫೋನ್ ಮಾಡಿದ್ದರು. ಅವರಿಗೆ ಹೊಸ ನೀಲಿ ಬೇಡ, ಹಳೆಯ ಹಾಗೇ ಇರಲಿ, ಹಳೇದು ಅನ್ನಿಸಬೇಕಂತೆ. ಆಮೇಲೆ ಹೇಳುತ್ತೇನೆ ಎಂದೆ.

ಮ್ಯೂಸಿಯಮ್ಮಿಗೆ ಬಸ್ಸು ಬಿಟ್ಟು ನಡೆದುಕೊಂಡು ಹೋದೆ, ಇವಳು ಹೋಗುತ್ತಿದ್ದ ದಾರಿಯಲ್ಲಿ, ಇವಳು ಹೋಗುತ್ತಿದ್ದ ಹೊತ್ತಿಗೆ. ಇಪ್ಪತ್ತೈದು ನಿಮಿಷ. ಎಲ್ಲೂ ನೆರಳಿಲ್ಲ. ಮೆಟ್ಟಿಲು ಅರವತ್ತೆರಡು. ಏಳನೇ ಕೋಣೆಯ ಬಾಗಿಲ ಹತ್ತಿರ ಟೇಪು ನನ್ನನ್ನು ನೋಡಿ, ಎಲ್ಲಿ ಎಂದು ನಾನು ಕೇಳುವ ಮೊದಲೇ ಜಾಗ ತೋರಿಸಿದ. ಬಾಗಿಲ ಎಡಗಡೆ, ಗೋಡೆಗೆ ಒರಗಿಕೊಂಡು.

ನಿಂತೆ. ಹತ್ತು ನಿಮಿಷ ಆಯಿತೆಂದು ಟೇಪು ಗಡಿಯಾರ ನೋಡಿ ಹೇಳಿದ. ಇನ್ನೂ ಸ್ವಲ್ಪ ಹೊತ್ತು ನಿಂತೆ.

ಅಲ್ಲಿಂದ ತಾಯಿ ಕಾಣುವುದಿಲ್ಲ. ಕಂಬ ಅಡ್ಡ ಬರುತ್ತದೆ. ಮಗುವಿನ ಒಂದು ಪಾದ ಕಾಣುತ್ತದೆ, ಅಷ್ಟೇ. ಪೂರ್ತಿ ಕಾಣುವುದು ನಾನು ಕೂತು ಬರೆಯುವ ಸ್ಟೂಲು.